ಲೇಥಿನ ದಿಕ್ಕು

ಓಂಕಾರಪ್ಪ ನನ್ನ ಹಳೆಯ ಸ್ನೇಹಿತ. ನನಗೆ ಸಿಟ್ಟು ಬರಿಸುವುದರಲ್ಲೂ ಎತ್ತಿದ ಕೈ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ನಡೆಸಿ ನಿವೃತ್ತನಾದವನು. ಫೆಬ್ರವರಿಯಲ್ಲಿ ದುರ್ಗಿಗುಡಿಯ ನನ್ನ ಸೈಕಲ್ ಅಂಗಡಿಗೆ ಬಂದು, ಗುಜರಿಗೆಂದು ಎತ್ತಿಟ್ಟಿದ್ದ ಹಿಂದಿನ ಚಕ್ರ, ಫ್ರೀವೀಲ್, ಡೈನಮೋ ಆರಿಸಿಕೊಂಡ. ಗಾಳಿಯಂತ್ರ ಮಾಡುತ್ತಾನಂತೆ! ಹೆಂಡತಿ ಶಂಕರಮ್ಮನಿಗೆ ಉಬ್ಬಸ. ಶೀಟಿನ ಮನೆ ಬೇರೆ. ಮಧ್ಯಾಹ್ನ ಕರೆಂಟ್ ಹೋದರೆ ಅವಳಿಗೆ ಉಸಿರೇ ಕಟ್ಟುತ್ತಿತ್ತು. ಮಂಚದ ಪಕ್ಕ ಒಂದು ಪುಟ್ಟ ಫ್ಯಾನ್ ಓಡಬೇಕು, ಅಷ್ಟೇ.

“ಗಾಳಿಯಿಂದ ಗಾಳಿ ಮಾಡ್ತೀಯೇನೋ ಮಾರಾಯ? ಆಯ್ತು, ನಾನೇ ಬಂದು ಜೋಡಿಸಿ ಕೊಡ್ತೀನಿ,” ಎಂದೆ.

“ಪಂಕ್ಚರ್ ಹಾಕೋನು ನಂಗೆ ಮಿಷನ್ ಕಲಿಸ್ತೀಯಾ ಸುಬ್ಬಪ್ಪ?” ಎಂದು ಗಿರಾಕಿಗಳ ಮುಂದೆಯೇ ನಕ್ಕುಬಿಟ್ಟ. ಆ ನಗು ನನ್ನನ್ನು ಎರಡು ತಿಂಗಳು ಚುಚ್ಚಿತು.

ಏಪ್ರಿಲ್‌ನಲ್ಲಿ ಭದ್ರಾವತಿಗೆ ಹೋದವನು ಅವನ ಮನೆಗೂ ಹೋದೆ. ಅವನು ವೈರ್ ತರಲು ಪೇಟೆಗೆ ಹೋಗಿದ್ದ. ಅಂಗಳದ ಕಂಬದ ಮೇಲೆ ಪ್ಲಾಸ್ಟಿಕ್ ಪೈಪು ಸೀಳಿ ಮಾಡಿದ ರೆಕ್ಕೆಗಳು ಭರ್ಜರಿಯಾಗಿ ತಿರುಗುತ್ತಿದ್ದವು. ಹಿಂದಿನ ಚಕ್ರ ಮಾತ್ರ ನಿಂತಲ್ಲೇ ನಿಂತಿತ್ತು. ನನಗೆ ಕಂಡ ಕೂಡಲೇ ತಿಳಿಯಿತು. ಲೇಥಿನಲ್ಲಿ ಕಬ್ಬಿಣ ತಿರುಗುವ ದಿಕ್ಕಿಗೇ ರೆಕ್ಕೆ ಕೊಯ್ದಿದ್ದ. ಮೂವತ್ತು ವರ್ಷದ ಅಭ್ಯಾಸ. ಆ ರೆಕ್ಕೆ ಕೂರಿಸಿದ್ದ ಸೈಕಲ್ ಫ್ರೀವೀಲ್ ಚಕ್ರವನ್ನು ಎಳೆಯುವುದು ಅದರ ತಿರುವುಮುರುವು ದಿಕ್ಕಿಗೆ ಮಾತ್ರ. ಹಿಂದಕ್ಕೆ ತುಳಿದ ಪೆಡಲ್ಲಿನಂತೆ ಫ್ರೀವೀಲ್ ಬರೀ ಕಟಕಟ ಅನ್ನುತ್ತಿತ್ತು. ರೆಕ್ಕೆಗಳನ್ನು ಚಕ್ರದ ಕಡ್ಡಿಗಳಿಗೆ ನಾಲ್ಕು ಕಡೆ ತಂತಿಯಿಂದ ಬಿಗಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಶಂಕರಮ್ಮ ಬಾಗಿಲಿಗೆ ಒರಗಿಕೊಂಡು ಅಡಿಕೆ ಹಾಳೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. “ಅಷ್ಟು ಜೋರಾಗಿ ತಿರುಗ್ತೈತೆ, ಫ್ಯಾನ್ ಯಾಕಣ್ಣ ಓಡಲ್ಲ? ನೀವೊಂದು ಸಲ ನೋಡ್ರಲ್ಲ,” ಎಂದಳು.

“ನಿನ್ನ ಯಜಮಾನ್ರಿಗೆ ಎಲ್ಲ ಗೊತ್ತಮ್ಮ. ನಾನು ಬಂದಿದ್ದೆ ಅಂತ ಹೇಳಬೇಡ,” ಎಂದೆ. ಅವನೇ ಬಂದು ಕೇಳಲಿ, ಆ ಗಿರಾಕಿಗಳ ಮುಂದೆಯೇ ಕೇಳಲಿ ಎಂಬ ಹಟ. ಬಸ್ಸಿನಲ್ಲಿ ಅದನ್ನೇ ನೆನೆದು ಖುಷಿಪಟ್ಟೆ. ಥೂ ನನ್ನ ಜನ್ಮಕ್ಕೆ.

ಅವನು ಬರಲಿಲ್ಲ. ಹನ್ನೆರಡನೇ ದಿನ ಫೋನ್ ಬಂತು. ಮಧ್ಯಾಹ್ನ ಕರೆಂಟ್ ಹೋಗಿತ್ತಂತೆ. ಅವನು ಹಾಳೆ ಬೀಸುತ್ತಿದ್ದಂತೆಯೇ ಅವಳು ಹೋಗಿಬಿಟ್ಟಳಂತೆ. ಫ್ಯಾನ್ ಇದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಆ ಹನ್ನೆರಡು ಮಧ್ಯಾಹ್ನಗಳು ಅವಳಿಗೆ ಸ್ವಲ್ಪ ಹಗುರಾಗುತ್ತಿದ್ದವಲ್ಲ.

ಅವಳ ಶಿವಗಣಾರಾಧನೆಯ ಊಟ ಮುಗಿಸಿ ನೆಂಟರು ಹೊರಟ ಮೇಲೆ ನಾನು ಏಣಿ ಹತ್ತಿ ನಾಲ್ಕು ತಂತಿ ಬಿಗಿದೆ. ಚಕ್ರ ತಿರುಗಿತು. ಸ್ವಲ್ಪ ಹೊತ್ತಿಗೆ ಖಾಲಿ ಮಂಚದ ಪಕ್ಕ ಫ್ಯಾನ್ ಓಡತೊಡಗಿತು. ಓಂಕಾರಪ್ಪ ಅದರ ಮುಂದೆ ಕೈಯೊಡ್ಡಿ ನೋಡಿದ.

“ಇಷ್ಟೇನಾ?”

“ಇಷ್ಟೇ.”

“ಸುಬ್ಬಣ್ಣನ್ನ ಕರೀರಿ, ಕರೀರಿ ಅಂತ ದಿನಾ ಜೀವ ತಿಂತಿದ್ಲು. ನೀನು ಬಂದಿದ್ರೆ ಆಗ್ಲೇ ಮಾಡಿಕೊಡ್ತಿದ್ದೆ. ನಾನೇ ಕರೀಲಿಲ್ಲ. ನನ್ನ ಸೊಕ್ಕು, ಸುಬ್ಬಪ್ಪ.”

ನಾನು ಬಂದಿದ್ದನ್ನು ಅವಳು ಹೇಳಿರಲಿಲ್ಲ. ನನ್ನ ಮಾತು ಉಳಿಸಿಕೊಂಡೇ ಹೋಗಿದ್ದಳು.

ನಿಜ ಬಾಯಿಯವರೆಗೂ ಬಂತು, ನುಂಗಿಕೊಂಡೆ. ನಾನು ಅವನ ಭುಜದ ಮೇಲೆ ಕೈಯಿಟ್ಟು, “ಹಂಗೆಲ್ಲ ಅನ್ಕೋಬೇಡ ಮಾರಾಯ,” ಎಂದೆ. ಅವನು ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅತ್ತ.