ಬಲದಿಂದ ಎಡಕ್ಕೆ

ಪರದೆಯ ಎರಡನೇ ಸಾಲಿನ ಮೂರನೇ ಚೌಕದಲ್ಲಿ ಫ್ಯಾನ್ ತಿರುಗುತ್ತಿದೆ, ಹುಡುಗ ಇಲ್ಲ, ಕ್ಯಾಮೆರಾ ಆನ್ ಇರಲೇಬೇಕು ಎಂದಿದ್ದೆನಲ್ಲ, ಇಟ್ಟಿದ್ದಾನೆ, ಮುಖವೂ ಇರಬೇಕು ಎಂದು ನಾನು ಹೇಳಿರಲಿಲ್ಲ, ಫ್ಯಾನಿಗೇ ಹಾಜರಿ ಹಾಕಿದ್ದಾಯಿತು — ಇಪ್ಪತ್ತಾರು ಚೌಕ, ಏಳನೇ ತರಗತಿ, ಹನ್ನೊಂದು ಗಂಟೆಯ ಬರವಣಿಗೆ ಪೀರಿಯಡ್, ನಿಮ್ಮ ನಿಮ್ಮ ಪ್ರಬಂಧ ನೀವೇ ತಿದ್ದಿಕೊಳ್ಳಿ, ಹತ್ತು ನಿಮಿಷ ಎಂದು ಬಿಟ್ಟಿದ್ದೇನೆ, ಅದರಲ್ಲಿ ಎರಡು ಕಳೆದಿವೆ. ಲ್ಯಾಪ್‌ಟಾಪ್ ಕೂತಿರುವುದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ, ಊಟದ ಮೇಜಿನಲ್ಲಿ ಅವಳ ಕತ್ತರಿಸಿದ ಬಟ್ಟೆಗಳಿವೆ, ಮೇಜು ಅವಳಿಗೆ ಯಂತ್ರ ನನಗೆ ಎಂದು ಹನ್ನೆರಡರವರೆಗೆ ಒಪ್ಪಂದ, ಸಿಟ್ಟು ಬಂದರೆ ನನ್ನ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ, ಸರ್ ನಿಮ್ಮನೆ ಹಿಂದೆ ರೈಲು ಹೋಗುತ್ತಾ ಎಂದು ಒಬ್ಬ ಕೇಳಿದ್ದ. ಇವತ್ತು ಸಿಟ್ಟಿಲ್ಲ, ಆದರೂ ತುಳಿಯುತ್ತಿದೆ. ಒಂದು ಮಾತು ಹೇಳಬೇಕು, ಎಲ್ಲರ ಮುಂದೆ, ಪೀರಿಯಡ್ ಮುಗಿಯುವುದರೊಳಗೆ, ಬಾಯಿ ತೆರೆದರೆ ಪೂರ್ಣವಿರಾಮ ಮರೀಬೇಡಿ ಎಂಬಂಥದ್ದೇ ಬರುತ್ತಿದೆ. ಪಿಸುಮಾತು ಬಂದಿದ್ದಾಳೆ, ಕೊನೆಯ ಸಾಲಿನ ಕಪ್ಪು ಚೌಕ ಅವಳದು, ಆ ಅಡ್ಡಹೆಸರು ನಾನಿಟ್ಟಿದ್ದು, ಮನಸ್ಸಿನೊಳಗೆ ಮಾತ್ರ, ಪದ್ಯ ಓದಮ್ಮ ಎಂದರೆ ಮೈಕಿಗೆ ಗುಟ್ಟು ಹೇಳುವ ಹಾಗೆ ಓದುತ್ತಾಳೆ. ಮೊನ್ನೆ ಸೋಮವಾರದವರೆಗೂ ಆ ಚೌಕದಲ್ಲಿ ಮುಖವಿತ್ತು.

ಸೋಮವಾರ — ಮನೆಯಲ್ಲಿರುವ ಒಂದು ವಸ್ತುವಿನ ಬಗ್ಗೆ ಬರೆಯಿರಿ ಎಂದಿದ್ದೆ, ಎಂಟು ಜನ ಮೊಬೈಲ್ ಬಗ್ಗೆ ಬರೆದಿದ್ದರು, ಆರು ಜನ ಫ್ರಿಜ್ಜು, ಫ್ರಿಜ್ಜಿನಿಂದ ಅನೇಕ ಪ್ರಯೋಜನಗಳಿವೆ, ಓದಿ ಓದಿ ನನ್ನ ತಲೆಯೇ ತಣ್ಣಗಾಗಿತ್ತು, ಆಗ ಅವಳದು ಬಂತು, ಅಜ್ಜಿಯ ಕಿವಿಗೆ ಹಾಕುವ ಮಿಷನ್. ಮೊದಲ ವಾಕ್ಯ ಆಗಲೇ ಬಾಯಿಪಾಠ: ಮಧ್ಯಾಹ್ನ ಅಜ್ಜಿ ಕಿವಿಯ ಮಿಷನ್ ತೆಗೆದು ಡಬ್ಬಿಗೆ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ನಿಜ ಮಾತಾಡಲು ಶುರು ಮಾಡುತ್ತಾರೆ. ಹನ್ನೆರಡು ವರ್ಷದ ಹುಡುಗಿ. ಇಪ್ಪತ್ತೊಂದು ವರ್ಷದಿಂದ ಬರೆಯುವುದು ಹೇಗೆಂದು ಹೇಳಿಕೊಡುತ್ತಿದ್ದೇನೆ, ನನಗೆ ಇಂಥ ಒಂದು ವಾಕ್ಯ ಹುಟ್ಟಿಲ್ಲ, ಹೊಟ್ಟೆಕಿಚ್ಚಾಯಿತು, ಹೌದು, ಇನ್ನೇನಿಲ್ಲ, ಹೊಟ್ಟೆಕಿಚ್ಚೇ, ಅದು ಅನುಮಾನದ ಅಂಗಿ ಹಾಕಿಕೊಂಡು ಬಂತು. ಈ ಆನ್‌ಲೈನ್ ಪಾಠದಲ್ಲಿ ಮಕ್ಕಳಿಗಿಂತ ಹೆಚ್ಚು ಉತ್ತರ ಹೇಳುವವರು ಪರದೆಯಾಚೆ ಕೂತ ತಂದೆತಾಯಿಯರು, ಸರ್ವನಾಮ ಅನ್ನು, ಲೇ ಸರ್ವನಾಮ ಅನ್ನೋ ಎಂದು ಒಬ್ಬ ಅಪ್ಪ ಬಾಗಿಲ ಸಂದಿಯಿಂದ ಕೂಗಿದ್ದನ್ನು ತರಗತಿಗೆ ತರಗತಿಯೇ ಕೇಳಿದೆ, ಹಾಗಾಗಿ ನನಗೆ ಹಗ್ಗವೆಲ್ಲ ಹಾವು. ಇದನ್ನ ಅಮ್ಮ ಬರೆದುಕೊಟ್ರಾ ಎಂದು ಕೇಳಿಯೇಬಿಟ್ಟೆ, ಎಲ್ಲರ ಮುಂದೆ. ಇಲ್ಲ ಸರ್ ಎಂದಳೋ ಏನೋ, ತುಟಿ ಅಲ್ಲಾಡಿತು. ಕೇಳಿಸಲಿಲ್ಲ, ಜೋರಾಗಿ ಹೇಳು. ಅಷ್ಟರಲ್ಲಿ ಪರದೆಯ ತುಂಬ ಹಳದಿ ನಗುಮುಖಗಳು ಗುಳ್ಳೆ ಗುಳ್ಳೆಯಾಗಿ ಮೇಲೇರಿದವು, ಬೇರೆಯವರ ವಾಕ್ಯ ಕದಿಯೋದೂ ಕಳ್ಳತನಾನೇ ಎಂದು ನಾನು ಒಂದು ಸಣ್ಣ ಭಾಷಣ ಬಿಗಿದೆ, ಭಾಷಣ ಮುಗಿಯುವ ಹೊತ್ತಿಗೆ ಅವಳ ಚೌಕ ಕಪ್ಪಾಗಿತ್ತು.

ಮಂಗಳವಾರ ಸಾಕ್ಷಿ ಹುಡುಕಲು ಹೋದೆ, ಮಕ್ಕಳೆಲ್ಲ ಬರೆಯುವುದು ನನಗೂ ಕಾಣುವ ಪುಟದಲ್ಲಿ, ಆ ಪುಟ ಒಂದನ್ನೂ ಮರೆಯುವುದಿಲ್ಲ, ಯಾವಾಗ ಬರೆದರು, ಏನು ಅಳಿಸಿದರು, ಹಳೆಯ ಪ್ರತಿಗಳು ಎಂದು ಒತ್ತಿದರೆ ಎಲ್ಲ ಎದ್ದು ಬರುತ್ತದೆ, ಮಕ್ಕಳಿಗೆ ಇದು ಗೊತ್ತಿಲ್ಲ, ನಾನೂ ಹೇಳಿಲ್ಲ. ಐದು ದಿನ ಬೆಳಗ್ಗೆ ಕೂತು ಬರೆದಿದ್ದಾಳೆ, ಆರರಿಂದ ಏಳರವರೆಗೆ. ಅಜ್ಜಿಗೆ ಕಿವಿ ಕೇಳುವುದಿಲ್ಲ — ಅಳಿಸಿದ್ದಾಳೆ. ಅಜ್ಜಿ ಮಿಷನ್ ತೆಗೆದರೆ ಮನೆಯವರಿಗೆ ಖುಷಿ — ಅಳಿಸಿದ್ದಾಳೆ. ಅಕ್ಷರಗಳು ಒಂದೊಂದಾಗಿ ಬಲದಿಂದ ಎಡಕ್ಕೆ ಸರಿದು ಹೋಗುವುದು, ಮತ್ತೆ ಬರುವುದು, ಮತ್ತೆ ಹೋಗುವುದು, ಅಮ್ಮ ಬರೆದುಕೊಟ್ಟದ್ದಾದರೆ ಒಂದೇ ಸಲಕ್ಕೆ ಬಂದು ಕೂರುತ್ತಿತ್ತು. ಒಂದು ವಾಕ್ಯವನ್ನಂತೂ ನಾಲ್ಕು ಸಲ ಬರೆದು ನಾಲ್ಕು ಸಲವೂ ತೆಗೆದಿದ್ದಾಳೆ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಮುಖ ಬಿಸಿಯಾಯಿತು. ಅವಳೊಬ್ಬಳಿಗೇ ಕಾಣುವಂತೆ ಕಳಿಸಿದೆ: ಪರಿಶೀಲಿಸಿದ್ದೇನೆ, ಬರಹ ನಿನ್ನದೇ, ಅಭಿನಂದನೆಗಳು. ನೀರಿನ ಸಂಪರ್ಕ ಮಂಜೂರಾಗಿದೆ ಎಂಬ ಹಾಗೆ. ನೋಡಿದಳು. ಹೆಂಡತಿ ಗುಂಡಿಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡಳು, ಆಮೇಲೆ ಸೂಜಿ ತೆಗೆದು, ಬೈಯೋವಾಗ ಇಪ್ಪತ್ತಾರು ಜನದ ಮುಂದೆ, ತಪ್ಪಾಯ್ತು ಅನ್ನೋವಾಗ ಮಾತ್ರ ಗುಟ್ಟಾಗಾ, ಅದೆಂಥ ನ್ಯಾಯಾ ರೀ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಐದು ಅಂಕಕ್ಕೆ ಕೊಡುತ್ತೇನೆ. ಹೇಳುತ್ತೇನೆ ಕಣೇ, ನಾಳೆ ಎಲ್ಲರ ಮುಂದೆಯೇ ಹೇಳುತ್ತೇನೆ ಎಂದೆ.

ಈಗ ಆರು ನಿಮಿಷ ಉಳಿದಿದೆ, ಅವಳ ಪುಟ ತೆರೆದಿಟ್ಟುಕೊಂಡಿದ್ದೇನೆ, ಅವಳು ಬರೆಯುತ್ತಿರುವ ಜಾಗ ತೋರಿಸುವ ನೇರಳೆ ಗೀಟು ಮೊದಲ ವಾಕ್ಯದ ಕೊನೆಯಲ್ಲಿ ನಿಂತು ಮಿಣುಕುತ್ತಿದೆ, ಮುಂದೆ ಹೋಗುತ್ತಿಲ್ಲ, ಹೇಳಿದರೆ ಹೋಗುತ್ತದೆ, ಈ ಹುಡುಗಿ ನನ್ನಿಂದಾಗಿ ಬರೆಯುವುದನ್ನೇ ಬಿಟ್ಟರೆ — ಹೇಳು ಮಾರಾಯ. ಮಕ್ಕಳೇ ಒಂದು ನಿಮಿಷ, ಮೊನ್ನೆ ನಾನೊಂದು ತಪ್ಪು ಮಾಡಿದೆ, ಅನ್ಯಾಯವಾಗಿ ಒಬ್ಬಳನ್ನ ಅನುಮಾನಿಸಿದೆ, ಕ್ಷಮಿಸಮ್ಮ. ಫ್ಯಾನಿನ ಕೆಳಗೆ ಒಂದು ಹಣೆ ಮೂಡಿತು, ಎಲ್ಲರೂ ಕೇಳುತ್ತಿದ್ದಾರೆ, ಎದೆ ಹಗುರವಾಯಿತು, ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಿದರೆ ನಾನು ಮೇಷ್ಟ್ರು ಹೇಗಾದೇನು, ಉದಾಹರಣೆ ಬೇಡವೇ. ಇವಳು ಎಷ್ಟು ಕಷ್ಟಪಟ್ಟು ಬರೆದಿದ್ದಾಳೆ ಗೊತ್ತಾ, ಅಳಿಸಿದ ಸಾಲುಗಳನ್ನೂ ನೋಡಿದೀನಿ, ಅಳಿಸಬಾರದಿತ್ತಮ್ಮ, ಅದೇ ನಿನ್ನ ಅತ್ಯುತ್ತಮ ವಾಕ್ಯ. ಕಪ್ಪು ಚೌಕದ ಅಂಚು ಹಸಿರಾಯಿತು, ಮೈಕು ತೆರೆದಿದ್ದಾಳೆ, ಸರ್, ಅದು ಬೇಡ ಸರ್, ಪಿಸುದನಿ, ಸಂಕೋಚ ಎಂದುಕೊಂಡೆ, ಏನೂ ಸಂಕೋಚ ಪಡಬೇಡ ಎಂದೆ, ಓದಿದೆ, ಗಟ್ಟಿಯಾಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಭಾವಪೂರ್ಣವಾಗಿ: ಅಜ್ಜಿಯನ್ನು ಅತ್ತೆಯ ಮನೆಗೆ ಸಾಗಹಾಕೋಣ ಎಂದು ಅಪ್ಪ ಹೇಳಿದರು, ಅಜ್ಜಿ ಅಪ್ಪನ ಕಡೆ ನೋಡಿ ನಕ್ಕರು.

ಅವಳ ಮೈಕು ಇನ್ನೂ ಹಸಿರು. ಕುರ್ಚಿ ಜರುಗಿದ ಸದ್ದು. ಅವಳದಲ್ಲದ ದನಿ, ಮುದಿ ದನಿ, ತನ್ನ ದನಿ ಎಷ್ಟು ಜೋರೆಂದು ತನಗೇ ತಿಳಿಯದವರ ದನಿ, ಪಕ್ಕದಲ್ಲೇ, ಇಷ್ಟು ಹೊತ್ತೂ ಪಕ್ಕದಲ್ಲೇ: ಏನಂದ್ರು ಪುಟ್ಟಿ ನಿಮ್ಮ ಮೇಷ್ಟ್ರು? ಯಾರನ್ನ ಸಾಗಹಾಕ್ತಾರಂತೆ? ಹನ್ನೊಂದೂ ಇಪ್ಪತ್ತು, ಮಧ್ಯಾಹ್ನವಾಗಿಲ್ಲ, ಡಬ್ಬಿ ಖಾಲಿ, ಮಿಷನ್ ಕಿವಿಯಲ್ಲಿದೆ — ಇಪ್ಪತ್ತಾರು ಚೌಕದಲ್ಲಿ ಯಾರೂ ನಗುತ್ತಿಲ್ಲ, ನಾನು ಏನಾದರೂ ಹೇಳಬೇಕು, ಅದು ಕಥೆ ಅಜ್ಜಿ, ಬರೀ ಪ್ರಬಂಧ ಎನ್ನಬೇಕು, ಕಾಲು ಪೆಡಲ್ ತುಳಿಯುತ್ತಿದೆ, ಮೈಕು ಆರಿತು, ಅವಳ ಪುಟದಲ್ಲಿ ನೇರಳೆ ಗೀಟು ಕಟ್ಟಕಡೆಯ ಸಾಲಿಗೆ ಹೋಗಿ ನಿಂತಿತು, ಹೊರಟಿತು, ಪೂರ್ಣವಿರಾಮ ಹೋಯಿತು, ಕೊನೆಯ ಪದ ಹೋಯಿತು, ಅದರ ಹಿಂದಿನದು ಹೋಯಿತು, ಬೇಡಮ್ಮ, ಒಂದೊಂದೇ ಅಕ್ಷರ, ಅವಸರವಿಲ್ಲ, ಸಾಲು ಮುಗಿದರೆ ಮೇಲಿನ ಸಾಲು, ಬಲದಿಂದ ಎಡಕ್ಕೆ, ಬಲದಿಂದ ಎಡಕ್ಕೆ, ಎಡಕ್ಕೆ