ಜನವರಿಯಲ್ಲಿ ಸೂಜಿ ಯಾರು ಹಾಕ್ತಾರೆ?

ನಮ್ಮ ಮಿನೆಸೋಟದ ಊರಲ್ಲಿ ಹಿಮ ಬೀಳುವ ಸೂಚನೆ ಕಂಡರೆ ಸಾಕು, ನಿವೃತ್ತರೆಲ್ಲ ಮನೆಗೆ ಬೀಗ ಹಾಕಿ, ಟ್ರೇಲರ್ ಮನೆಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಅರಿಜೋನದ ಬಿಸಿಲಿಗೆ ಓಡುತ್ತಾರೆ. ಮತ್ತೆ ಮುಖ ತೋರಿಸುವುದು ಏಪ್ರಿಲ್‌ನಲ್ಲೇ. ಅವರ ಬೀಗದ ಕೈಗಳೆಲ್ಲ ನನ್ನ ಹತ್ತಿರ. ಚಳಿಗೆ ನೀರು ಹೆಪ್ಪುಗಟ್ಟಿ ಯಾರ ಮನೆಯ ಪೈಪು ಒಡೆದರೂ ಓಡಬೇಕಾದವಳು ನಾನು. ಹಾಗಾಗಿ ಅವರ ವಿಷಯದಲ್ಲಿ ಮೂಗು ತೂರಿಸುವ ಹಕ್ಕೂ ನನಗಿದೆ.

ಈ ವರ್ಷ ಎದುರು ಮನೆಯ ಆರ್ಡಿಸ್ ಮತ್ತು ಅವಳ ಗಂಡ ವರ್ಲಿನ್ ಇಬ್ಬರೂ ನಿವೃತ್ತರಾದರು. ಚಳಿಗಾಲಕ್ಕೆ ಅರಿಜೋನ ಅನ್ನುವುದು ಅವರ ಎಷ್ಟೋ ವರ್ಷದ ಆಸೆ. ಆದರೆ ಕೆಲಸದ ಜೊತೆಗೆ ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆಯೂ ಹೋಗಿತ್ತು. ಹೊಸದನ್ನು ಆರಿಸಬೇಕಿತ್ತು.

ಕೀ ಇಸಕೊಳ್ಳಲು ಹೋದಾಗ ವರ್ಲಿನ್ ಕುಣಿಯುವುದೊಂದು ಬಾಕಿ.

"ಬಾ ಲೋರ್ನಾ, ಕಾಫಿ ಕುಡಿ. ಎಂಥಾ ಪ್ಲಾನ್ ಸಿಕ್ಕಿದೆ ಗೊತ್ತಾ! ಇದಕ್ಕೆ ಅಂತ ತಿಂಗಳಿಗೆ ಒಂದು ಡಾಲರೂ ಬೇಡ. ಹಲ್ಲಿಗೆ ಬಿಟ್ಟಿ, ಕನ್ನಡಕಕ್ಕೆ ಬಿಟ್ಟಿ, ಈಜುಕೊಳಕ್ಕೂ ಬಿಟ್ಟಿ!"

"ನೀನು ಯಾವತ್ತು ಈಜಿದ್ದೀಯ?" ಅಂದಳು ಆರ್ಡಿಸ್. "ಮೀನು ಹಿಡಿಯೋಕೆ ಹೋಗಿ ದೋಣಿಯಿಂದ ಬಿದ್ದಿದ್ದು ಬಿಟ್ರೆ?"

"ಈಜದಿದ್ರೆ ಏನಂತೆ, ನೀರಲ್ಲಿ ಕೂತಿರ್ತೀನಿ."

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜಾತಿ ಈ ವರ್ಲಿನ್. ಆದರೆ ನನಗೆ ಆರ್ಡಿಸ್‌ದೇ ಚಿಂತೆ. ಅವಳಿಗೆ ಕಣ್ಣಿನ ಒಳಪರದೆಯ ಕಾಯಿಲೆ. ಐದಾರು ವಾರಕ್ಕೊಮ್ಮೆ ಕಣ್ಣಿಗೆ ಚುಚ್ಚುಮದ್ದು ಬೀಳಲೇಬೇಕು. ತಪ್ಪಿಸಿದರೆ ದೃಷ್ಟಿ ಹೋಗಬಹುದು. ಹೋದದ್ದು ವಾಪಸ್ ಬರುವ ಭರವಸೆ ಇಲ್ಲ.

"ಅವಳ ಕಣ್ಣಿನ ಡಾಕ್ಟ್ರು ಈ ಪ್ಲಾನಿನವರ ಪಟ್ಟಿಯಲ್ಲಿ ಇದಾರಾ?" ಕೇಳಿದೆ.

"ಇದಾರೆ ಮಾರಾಯ್ತಿ, ಮೊದಲು ಅದನ್ನೇ ಕೇಳಿದ್ದು. ನಾಳೆ ಸಹಿ ಹಾಕಿ ಹೊರಡೋದೇ."

ನನಗೆ ಸಮಾಧಾನವಾಗಲಿಲ್ಲ. ಮಾರ್ಲಿಸ್‌ಗೆ ಫೋನ್ ಮಾಡಿದೆ. ಅವಳು ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುವವಳು. ಹಿರಿಯರ ಕೇಂದ್ರದಲ್ಲಿ ವಿಮೆ ಬಗ್ಗೆ ಕಾಸು ಪಡೆಯದೆ ಸಲಹೆ ಕೊಡುತ್ತಾಳೆ. ಕುಂಬಳಕಾಯಿ ಕೇಕಿನ ತಟ್ಟೆ ಹಿಡಿದು ಆರ್ಡಿಸ್ ಮನೆಗೇ ಬಂದುಬಿಟ್ಟಳು.

"ಮಾರೋರು ಇನ್ನೊಬ್ಬರು ಬಂದ್ರಾ?" ವರ್ಲಿನ್ ಗೊಣಗಿದ.

"ನಾನು ಏನೂ ಮಾರಲ್ಲಪ್ಪ, ಕೇಕೂ ಬಿಟ್ಟಿನೇ. ಒಂದೇ ಒಂದು ಹೇಳು. ಜನವರಿಯಲ್ಲಿ ಆರ್ಡಿಸ್ ಕಣ್ಣಿಗೆ ಸೂಜಿ ಯಾರು ಹಾಕ್ತಾರೆ?"

"ಇನ್ಯಾರು, ನಮ್ಮ ಡಾಕ್ಟ್ರೇ..." ಅಂದ ವರ್ಲಿನ್.

"ಅವರು ಇಲ್ಲಿರ್ತಾರೆ. ನೀವು ಅಲ್ಲಿರ್ತೀರಿ."

"ಅರಿಜೋನದಲ್ಲಿ ಡಾಕ್ಟ್ರಿಗೇನು ಬರಗಾಲವಾ?"

"ಇಲ್ಲ. ಅವರಿಗೆ ನಿನ್ನ ಪ್ಲಾನ್ ದುಡ್ಡು ಕೊಡುತ್ತಾ, ಕೇಳು."

ಪ್ಲಾನಿನವರಿಗೇ ಫೋನ್ ಮಾಡಿ ಕೇಳಿದ. ನಮಗೆಲ್ಲ ಕೇಳುವ ಹಾಗೆ ಉತ್ತರ ಬಂತು: ಎದೆನೋವು, ಕಾಲು ಮುರಿತದಂಥ ತುರ್ತಿಗಾದರೆ ಎಲ್ಲಿದ್ದರೂ ಕೊಡುತ್ತಾರೆ, ಮೊದಲೇ ಗೊತ್ತಿರುವ ಚುಚ್ಚುಮದ್ದಿಗೆ ಇಲ್ಲಿನ ಅವರ ಪಟ್ಟಿಯ ಡಾಕ್ಟರೇ ಆಗಬೇಕು. ವರ್ಲಿನ್ ಫೋನ್ ಕೆಳಗಿಟ್ಟ.

"ಹಾಗಾದ್ರೆ ನೀನು ಹೋಗಿ ಬಾ," ಅಂದಳು ಆರ್ಡಿಸ್ ಮೆಲ್ಲಗೆ. "ನಾನು ಇಲ್ಲೇ ಇರ್ತೀನಿ."

"ನೀನಿಲ್ದೆ ನಾನೊಬ್ಬನೇ ಅಲ್ಲಿ ಕತ್ತೆ ಕಾಯ್ಲಾ?"

"ಇಬ್ಬರೂ ಹೋಗಿ," ಅಂದಳು ಮಾರ್ಲಿಸ್. "ಹಿರಿಯರಿಗೆ ಅಂತ ಸರ್ಕಾರ ಕೊಡೋ ವಿಮೆ, ಮೂಲ ಮೆಡಿಕೇರ್, ಅದನ್ನೇ ಇಟ್ಕೊಳ್ಳಿ. ಅದನ್ನ ಒಪ್ಪೋ ಡಾಕ್ಟ್ರು ದೇಶದಲ್ಲಿ ಎಲ್ಲಿದ್ರೂ ನಡೆಯುತ್ತೆ. ಅದು ಪೂರ್ತಿ ಕೊಡಲ್ಲ, ಉಳಿದಿದ್ದಕ್ಕೆ ಒಂದು ಪೂರಕ ವಿಮೆ. ಮಾತ್ರೆಗಳಿಗೆ ಬೇರೆ."

"ಅಂದ್ರೆ ತಿಂಗಳು ತಿಂಗಳು ಕಟ್ಟಬೇಕು! ಹಲ್ಲಿಗೂ ಇಲ್ಲ!"

"ಹೌದು, ಕಟ್ಟಬೇಕು, ಸುಳ್ಳು ಹೇಳಲ್ಲ. ವರ್ಷವಿಡೀ ಒಂದೇ ಊರಲ್ಲಿರೋರಿಗೆ ನಿನ್ನ ಬಿಟ್ಟಿ ಪ್ಲಾನೇ ಸರಿಹೋಗಬಹುದು. ಆದ್ರೆ ಇದನ್ನ ಕೇಳ್ಕೋ. ಮೆಡಿಕೇರ್‌ನ ಡಾಕ್ಟರ್ ಖರ್ಚಿನ ಭಾಗ ನಿಮಗೆ ಈಗ ತಾನೇ ಶುರುವಾಗಿದೆ. ಮೊದಲ ಆರು ತಿಂಗಳು, ಕಾಯಿಲೆ ಇದ್ರೂ ಪೂರಕ ವಿಮೆ ಕೊಡಲೇಬೇಕು. ಆಮೇಲೆ ಹೋದ್ರೆ, ಈ ಕಣ್ಣು ನೋಡಿ ಬಾಗಿಲು ಹಾಕಿದ್ರೂ ಹಾಕಬಹುದು."

ವರ್ಲಿನ್ ದವಡೆ ಹಿಡಿದುಕೊಂಡು ಕೂತ. ಆಮೇಲೆ ಹೆಂಡತಿಯನ್ನು ನೋಡಿದ. "ಹಲ್ಲು ಹೋದ್ರೆ ಸೂಪು ಕುಡೀತೀನಿ. ಇವಳ ಕಣ್ಣಿರ್ಲಿ."

ಆ ಜಿಪುಣನ ಬಾಯಲ್ಲಿ ಈ ಮಾತು ಕೇಳಿ ನನಗೆ ಅಳುವೇ ಬಂತು. ಕೇಕು ತಿಂದು ನುಂಗಿಕೊಂಡೆ.

ಹೊಸ ವಿಮೆ ಮಾಡಿಸಿಯೇ ಹೊರಟರು. ಜನವರಿಯಲ್ಲಿ ನಾನು ಅವರ ಅಂಗಳದ ಹಿಮ ಬಾಚುತ್ತಿದ್ದಾಗ ಆರ್ಡಿಸ್ ಫೋನ್ ಬಂತು. "ಇಲ್ಲಿನ ಡಾಕ್ಟ್ರು ಸೂಜಿ ಹಾಕಿದ್ರು ಕಣೆ, ಎರಡನೇ ಸಲ. ಬಾಗಿಲಲ್ಲಿ ಹೆಬ್ಬೆಟ್ಟಿನಷ್ಟು ಹಕ್ಕಿ ಬರುತ್ತೆ. ಅದರ ಕತ್ತಿನ ಕೆಂಪು ಕೂಡ ಕಾಣ್ತಿದೆ!"

ಹಿಂದಿನಿಂದ ವರ್ಲಿನ್ ಕೂಗಿದ: "ನನಗೆ ಹಲ್ಲು ನೋವು ಅಂತ ಹೇಳು ಅವಳಿಗೆ!"

ಅಬ್ಬಾ, ಬರೀ ಹಲ್ಲಲ್ವಾ, ಅಂದುಕೊಂಡೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು.

ನೆರೆಯವರೇ, ನಿವೃತ್ತರಾದಾಗ ವಿಮೆ ಆರಿಸಲು ಆತುರ ಬೇಡ, ಗಡುವು ದಾಟುವಷ್ಟು ಸೋಮಾರಿತನವೂ ಬೇಡ. ಬಿಟ್ಟಿ ಏನು ಸಿಗುತ್ತದೆ ಅಂತ ಕೇಳುವ ಮೊದಲು ನಿಮ್ಮ ಕಾಯಿಲೆ, ನಿಮ್ಮ ಮಾತ್ರೆ, ವರ್ಷದಲ್ಲಿ ನೀವು ಎಲ್ಲೆಲ್ಲಿ ಇರುತ್ತೀರಿ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಏನೂ ಮಾರದವರ ಹತ್ತಿರ ಒಮ್ಮೆ ಕೇಳಿ. ಸೂಜಿ ಯಾರು ಹಾಕುತ್ತಾರೆ ಅನ್ನುವುದು ಮೊದಲು ಗೊತ್ತಾಗಲಿ. ಈಜುಕೊಳ ಆಮೇಲೆ ನೋಡಿದರಾಯಿತು.