ಎರಡು ಡಬ್ಬಿ ಕಾಳು

ಹೈಫಾಂಗಿನ ನಮ್ಮ ಓಣಿಯಲ್ಲಿ ನಾನು ಕಾಳಿನ ಪಾಯಸ ಮಾರುತ್ತೇನೆ. ಗಾಡಿಯ ಎದುರಿಗೇ ಗೋಡೆಗೆ ಕನ್ನಡಿ ನೇತುಹಾಕಿಕೊಂಡು ಕ್ವೋಯ್ ಕ್ಷೌರ ಮಾಡುತ್ತಾನೆ. ಅವನ ಕುರ್ಚಿಯ ಸುತ್ತ ದಿನವೂ ಫುಟ್‌ಬಾಲ್ ಬಾಜಿಯ ಮಾತು. ನನ್ನ ಗಂಡ ಖಿಯೆಮ್ ಅಲ್ಲಿಂದ ಹೊಸ ಹೊಸ ನಿಯಮ ಹೊತ್ತು ತರುತ್ತಿದ್ದರು. ಹೊಸ ಕೋಚ್ ಬಂದ ತಂಡ ಮೊದಲ ಆಟ ಬಿಡುವುದಿಲ್ಲ. ಮೂರು ಸಲ ಸೋತದ್ದು ನಾಲ್ಕನೆಯ ಸಲ ಏಳುತ್ತದೆ. ಮಳೆಯಲ್ಲಿ ದೊಡ್ಡ ತಂಡದ ಮೇಲೆ ಕಟ್ಟಬಾರದು.

"ಇದೆಲ್ಲ ನಿಜವಾ?" ಎಂದು ಒಮ್ಮೆ ಕೇಳಿದೆ.

"ಅತ್ತಿಗೆ, ನಿಮಗೆ ಬೇಳೆ ಬೆಂದಿದ್ದು ಗೊತ್ತಾಗುತ್ತೆ. ಬಾಲ್ ವಿಷಯ ನಮಗೆ ಬಿಡಿ" ಎಂದ ಕ್ವೋಯ್. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

ಅಂದಿನಿಂದ ಎರಡು ಡಬ್ಬಿ ಇಟ್ಟೆ. ಅವರ ನಿಯಮ ನಿಜವಾದರೆ ಒಂದು ಹೆಸರುಕಾಳು, ಸುಳ್ಳಾದರೆ ಒಂದು ಕಪ್ಪುಕಾಳು. ಅವರು ಹೇಳಿದ ತಂಡ ಬರೀ ಗೆದ್ದರೆ ಸಾಲದು. ಬಾಜಿ ಕಟ್ಟಿಸಿಕೊಳ್ಳುವವನು ಸೋಲಬಹುದಾದ ತಂಡಕ್ಕೆ ಬಾಜಿಯ ಲೆಕ್ಕದಲ್ಲಿ ಮೊದಲೇ ಒಂದೋ ಒಂದೂವರೆಯೋ ಗೋಲು ಕೊಟ್ಟಿರುತ್ತಾನೆ. ಅದನ್ನು ಕಳೆದ ಮೇಲೂ ಗೆದ್ದಿರಬೇಕು. ಗಂಡಸರು ಗೆಲುವನ್ನು ನೆನಪಿಟ್ಟು ಕೊಟ್ಟ ಗೋಲನ್ನು ಮರೆಯುತ್ತಿದ್ದರು. ನಾನು ಮರೆಯಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಖಿಯೆಮ್ ಗಾಡಿಯ ಹತ್ತಿರ ಬಂದು ನಿಂತರು. ಕಣ್ಣೆಲ್ಲ ನನ್ನ ಕೈಯ ಬಳೆಯ ಮೇಲೆ. ಮದುವೆಯ ದಿನ ಅಮ್ಮ ತೊಡಿಸಿದ ಚಿನ್ನದ ಬಳೆ ಅದು.

"ದಾವ್ ಅಮ್ಮ," ಮಗಳ ಹೆಸರು ಹಿಡಿದೇ ಕರೆದರು, "ಬಳೆ ಒಂದು ವಾರಕ್ಕೆ ಕೊಡು. ಭಾನುವಾರ ಹೊಸ ಕೋಚ್ ಬರ್ತಿದ್ದಾನೆ. ಇದು ತಪ್ಪಿದ್ದೇ ಇಲ್ಲ ಕಣೇ."

"ಕೊಡ್ತೀನಿ. ಮೊದಲು ಇದನ್ನ ಎಣಿಸಿ."

ಯಾವ ಕಾಳು ಏನೆಂದು ಹೇಳಿ ಎರಡೂ ಡಬ್ಬಿಯನ್ನು ತಟ್ಟೆಗೆ ಸುರಿದೆ. ನಾನೂ ಅದುವರೆಗೆ ಎಣಿಸಿರಲಿಲ್ಲ. ಅವರ ಮಾತೇ ನಿಜವಾಗಿದ್ದರೆ ಎಂಬ ಹೆದರಿಕೆ.

ಒಂದು ಹಸಿರಿಗೆ ಒಂದು ಕಪ್ಪು, ಜೋಡಿ ಜೋಡಿಯಾಗಿ ಇಡುತ್ತ ಹೋದರು. ನೂರ ಹನ್ನೆರಡು ಜೋಡಿ. ಕೊನೆಗೆ ಎರಡೇ ಕಪ್ಪು ಉಳಿದವು. ಇಷ್ಟೊಂದು ಜಗಳ, ಇಷ್ಟೊಂದು ಆಣೆ, ಮಳೆ, ಗಾಳಿ, ಕೋಚು, ಎಲ್ಲ ಸೇರಿಯೂ ತಕ್ಕಡಿ ಅಲುಗಿರಲಿಲ್ಲ.

"ಯಾರೇ ಇದನ್ನ ಹೀಗೆ ತೂಗೋನು?" ಅವರ ಧ್ವನಿ ಇಳಿದಿತ್ತು.

"ನೀವೇ. ನಿಮಗೆ ಗೊತ್ತಿರೋದು ಊರಿಗೆಲ್ಲ ಗೊತ್ತು. ಎಲ್ಲರೂ ಅದರ ಮೇಲೇ ಕಟ್ತೀರಿ. ಅದನ್ನ ನೋಡ್ಕೊಂಡೇ ಬಾಜಿ ಕಟ್ಟಿಸಿಕೊಳ್ಳೋನು ಎದುರು ತಂಡಕ್ಕೆ ಅಷ್ಟು ಗೋಲು ಮೊದಲೇ ಕೊಟ್ಟಿರ್ತಾನೆ."

ಹೇಳುವಾಗಲೇ ಅದು ನನಗೂ ಹೊಳೆದದ್ದು. ಅಮ್ಮ ಬಳೆ ಕೊಂಡ ದಿನ ಅಕ್ಕಸಾಲಿ ಉಸಿರು ಬಿಗಿಹಿಡಿದು ತೂಗಿದ್ದು ನೆನಪಾಯಿತು. ಖಿಯೆಮ್ ಮತ್ತೆ ಬಳೆ ಕೇಳಲಿಲ್ಲ. ತಟ್ಟೆಯನ್ನು ಇಬ್ಬರೂ ಕದಲಿಸಲಿಲ್ಲ.

ಭಾನುವಾರ ಆ ತಂಡ ಮೂರು ಗೋಲಿನಿಂದ ಗೆದ್ದಿತು. ಕೊಟ್ಟ ಗೋಲು ಕಳೆದರೂ ಗೆಲುವೇ.

"ಅತ್ತಿಗೆ, ಬೇಳೆ ಸೀದುಹೋಯ್ತಾ?" ಮರುದಿನ ಬೆಳಿಗ್ಗೆ ಕ್ವೋಯ್ ಬಾಚಣಿಗೆ ಎತ್ತಿ ಕುಣಿದ.

ಗಂಡನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಳೆ ಕೈಯಲ್ಲಿ ಭಾರವಾಗಿತ್ತು. ಅವರು ನನ್ನ ಚೀಲದಿಂದ ಒಂದು ಹೆಸರುಕಾಳು ಆರಿಸಿ, ತಟ್ಟೆಯಲ್ಲಿ ಜೋಡಿಯಿಲ್ಲದೆ ಉಳಿದಿದ್ದ ಎರಡು ಕಪ್ಪುಕಾಳಿನಲ್ಲಿ ಒಂದರ ಪಕ್ಕಕ್ಕೆ ಮೆಲ್ಲಗೆ ಇಟ್ಟರು.

"ಸಮ ಆಗೋಕೆ ಇನ್ನೊಂದು ಉಳೀತು" ಎಂದರು, ಗುಡಿಯೊಳಗೆ ಮಾತಾಡುವಷ್ಟು ಮೆಲ್ಲಗೆ.